ಹೊಗೆಯನ್ನೂ ಬಿಡದ ಬೆಂಕಿ

ಮಲೆನಾಡಿನ ಬಚ್ಚಲೊಲೆಗೆ ಬೇಡವೆಂಬುದೇ ಇಲ್ಲ. ಅಡಿಕೆ ಸಿಪ್ಪೆ, ಒಣಗಿದ ಸೋಗೆ, ತೆಂಗಿನ ಮಡಲು, ಕರಟ, ಬೇಲಿ ಸವರಿದಾಗ ಬಿದ್ದ ಕಡ್ಡಿ, ಎಲ್ಲಕ್ಕೂ ಕೊನೆಗೆ ಹಂಡೆಯ ಅಡಿಯೇ ಗತಿ. ನೀರೇನೋ ಕಾಯುತ್ತದೆ. ಹೊಗೆಯೂ ಹಂಚಿನ ಸಂದಿನಲ್ಲಿ ನುಸುಳಿ ತೋಟದ ಮೇಲೆ ಕವಿಯುತ್ತದೆ. ಆ ಘಾಟನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುವವರಿದ್ದಾರೆ. ದಿನವೂ ಊದುಗೊಳವೆ ಹಿಡಿದು ಕಣ್ಣು ತೇವ ಮಾಡಿಕೊಂಡವರು ಮಾತ್ರ ಅವರಲ್ಲಿ ಸಿಗುವುದಿಲ್ಲ.

ಹೊಗೆಯೆಂದರೆ ಉರಿಯದೆ ತಪ್ಪಿಸಿಕೊಂಡ ಸೌದೆ. ಒಣ ಸೌದೆಗೆ ಕಾವು ತಾಗಿದರೆ ತೂಕದ ಸುಮಾರು ಮುಕ್ಕಾಲು ಪಾಲು ಅನಿಲವಾಗಿ, ಟಾರಿನ ಆವಿಯಾಗಿ ಎದ್ದುಬಿಡುತ್ತದೆ. ಕೆಂಡಕ್ಕೆ ಸಿಗುವುದು ಮಿಕ್ಕಿದ್ದು. ಹಾಗೆ ಎದ್ದದ್ದಕ್ಕೆ ತಕ್ಕಷ್ಟು ಕಾವೂ ಗಾಳಿಯೂ ಒದಗಿದರೆ ಜ್ವಾಲೆ, ಇಲ್ಲವಾದರೆ ಮಾಡಿಗೆ ಮಸಿ.

ಈ ಆಟವನ್ನು ಕಣ್ಣಾರೆ ನೋಡಬೇಕೆಂದರೆ ಗ್ಯಾಸಿಫೈಯರ್ ಒಲೆಯ ಎದುರು ಕೂರಬೇಕು. ಉದ್ದನೆಯ ಡಬ್ಬಿಯಂಥ ಒಲೆ. ಒಳಗೆ ಕೃಷಿ ತ್ಯಾಜ್ಯವನ್ನು ಪುಡಿಮಾಡಿ ಒತ್ತಿದ, ಕಿರುಬೆರಳ ಗಾತ್ರದ ಪೆಲೆಟ್‌ಗಳು. ಬೆಂಕಿ ಹಚ್ಚುವುದು ಬುಡಕ್ಕಲ್ಲ, ತಲೆಗೆ. ಪುಟ್ಟ ಫ್ಯಾನ್ ತಳದಿಂದ ಚೂರೇ ಚೂರು ಗಾಳಿ ಕೊಡುತ್ತದೆ, ಕೆಂಪು ಪದರ ನಿಧಾನಕ್ಕೆ ಕೆಳಗಿಳಿಯುತ್ತದೆ, ಅಲ್ಲಿ ಹುಟ್ಟಿದ ಅನಿಲ ಮೇಲಿನ ಕೆಂಡವನ್ನು ಹಾದು ಬರುತ್ತದೆ. ಅದಕ್ಕಿನ್ನೂ ಉರಿ ಬಂದಿಲ್ಲ. ಬಾಯಿಯ ಬಳಿ ಸುತ್ತಲೂ ಕೊರೆದ ತೂತುಗಳಿಂದ ಎರಡನೆಯ ಗಾಳಿ ನುಗ್ಗುವುದೇ ತಡ, ತೂತಿಗೊಂದರಂತೆ ನಾಲಿಗೆಗಳು ಒಳಮುಖವಾಗಿ ಚಾಚಿ ನಡುವೆ ಕೂಡುತ್ತವೆ. ಪೆಲೆಟ್ ಎಲ್ಲೋ ಕೆಳಗೆ, ಉರಿ ಇಲ್ಲಿ ಮೇಲೆ, ನಡುವೆ ಕಣ್ಣಿಗೆ ಬರೀ ಖಾಲಿ ಜಾಗ! ಪಾತ್ರೆಯ ತಳವನ್ನು ಉಜ್ಜಿದರೂ ಬೆರಳಿಗೆ ಮಸಿ ಹತ್ತುವುದು ಅಷ್ಟಕ್ಕಷ್ಟೆ.

ಇಂಥ ಒಲೆಯನ್ನು ಹದಕ್ಕೆ ತಂದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಮುಖ್ಯರು. 'ಊರ್ಜಾ' ಹೆಸರಿನಲ್ಲಿ ಅದು 2010ರ ಹೊತ್ತಿಗೆ ಸುಮಾರು 4 ಲಕ್ಷ ಮನೆ ಸೇರಿತ್ತು. ಅದೇ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಕಟ್ಟಿದ ಗ್ರಾಮೀಣ ತಂತ್ರಜ್ಞಾನ ಕೇಂದ್ರ 'ಅಸ್ತ್ರ'ದ ಕೊಳವೆಯೊಲೆ ಹಳ್ಳಿಗರಿಗೆ ಮೊದಲೇ ಗೊತ್ತು. ಅದು ಗೃಹಸ್ಥ ಒಲೆ, ಇದು ಕಲಾವಿದ.

ಉರುವಲಿನ ಗುಣವೂ ಒಂದೊಂದಕ್ಕೆ ಒಂದೊಂದು. ಕರಟ ಗಟ್ಟಿ, ಒಣ, ಉರಿಯಲ್ಲಿ ಧಾರಾಳಿ. ಭತ್ತದ ಹೊಟ್ಟು ಜಿಪುಣ: ತೂಕದ ಐದನೇ ಒಂದು ಪಾಲು ಬೂದಿಯಾಗಿಯೇ ಕೂರುತ್ತದೆ, ಅದೂ ಬಹುಪಾಲು ಸಿಲಿಕಾ. ಹುಲ್ಲಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಾವು ಮೀರಿದರೆ ಬೂದಿ ಕರಗಿ ಗಾಜಿನ ಹೆಂಟೆಯಾಗಿ ಗಾಳಿಯ ದಾರಿ ಕಟ್ಟುತ್ತದೆ. ಹಸಿಯದಾದರೆ ಯಾವುದೂ ಬೇಡ. ಕಾವಿನ ಒಂದು ಪಾಲು ನೀರು ಒಣಗಿಸುವುದಕ್ಕೇ ಖರ್ಚು.

ಕಲಾವಿದನಿಗೆ ಬಿಗುಮಾನವೂ ಉಂಟು. ತುಂಬಿದ್ದು ತೀರುವವರೆಗೆ ನಡುವೆ ಒಂದು ಕಡ್ಡಿ ತುರುಕುವಂತಿಲ್ಲ, ಹಂಡೆ ತುಂಬ ನೀರಿಗೆ ಒಂದು ಸಲದ ಭರ್ತಿ ಸಾಲದು. ಪೆಲೆಟ್ ಬೆಲೆ ಏರಿದಾಗ ಎಷ್ಟೋ ಮನೆಗಳಲ್ಲಿ ಊರ್ಜಾ ಅಟ್ಟ ಸೇರಿತು. ಬಚ್ಚಲೊಲೆಗೆ ಆ ಚಿಂತೆಯಿಲ್ಲ, ಅದರ ಸಿಪ್ಪೆ ತೋಟದಲ್ಲೇ ಬಿಟ್ಟಿ.