ಸನ್ನತಿಯ ಶಿಲಾಪಟಗಳಲ್ಲಿ ನಾಮವೂ ಕ್ರಿಯೆಯೂ

ಕಲಬುರಗಿ ಜಿಲ್ಲೆಯಲ್ಲಿ ಭೀಮಾನದಿಯ ದಡದ ಮೇಲಿರುವ ಸನ್ನತಿಯು ಚಂದ್ರಲಾಂಬಾದೇವಿಯ ಕ್ಷೇತ್ರವೆಂದು ಭಕ್ತಜನರಿಗೆ ಚಿರಪರಿಚಿತವಾದುದು. ಆ ಗ್ರಾಮವು ಪ್ರಾಚೀನ ಬೌದ್ಧಸ್ಥಾನವೂ ಆಗಿದ್ದಿತೆಂಬುದು ಈಗ ನಿರ್ವಿವಾದ. 1986ರಲ್ಲಿ ದೇವಾಲಯದ ಆವರಣದಲ್ಲಿರುವ ಕಾಳಿಯ ಗುಡಿಯ ಮಾಳಿಗೆಯು ಕುಸಿಯಲು, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕನ ಧರ್ಮಲಿಪಿಯ ಫಲಕವೆಂದು ತಿಳಿದುಬಂದಿತು. ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ‘ಅಧೋಲೋಕ ಮಹಾಚೈತ್ಯ’ವೆಂದು ಶಾಸನಗಳು ಕರೆಯುವ ಸ್ತೂಪದ ಅವಶೇಷಗಳೂ ಸುಣ್ಣಗಲ್ಲಿನ ಚಿತ್ರಪಟಗಳೂ ದೊರೆತವು. ಇವುಗಳನ್ನು ಇತಿಹಾಸಜ್ಞರು ರಾಜವಂಶಗಳ ನಿರ್ಣಯಕ್ಕಾಗಿಯೂ ಶಿಲ್ಪಜ್ಞರು ರೂಪಲಕ್ಷಣಕ್ಕಾಗಿಯೂ ಪರಿಶೀಲಿಸುವರು. ಪಟಗಳ ಮೇಲೆ ಬ್ರಾಹ್ಮೀಲಿಪಿಯಲ್ಲಿ ಕೊರೆದಿರುವ ಪ್ರಾಕೃತ ವಾಕ್ಯಗಳನ್ನು ವಾಕ್ಯಗಳೆಂದೇ ವಿಚಾರಿಸುವುದು ಸಾಹಿತ್ಯಾಭ್ಯಾಸಿಗಳ ಕರ್ತವ್ಯವಾಗಿರುವುದರಿಂದ ಈ ವಿಮರ್ಶೆ.

ಉದಾಹರಣೆಗೆ ಮೂರು ರಾಜಪಟಗಳನ್ನು ತೆಗೆದುಕೊಳ್ಳೋಣ. ಒಂದರಲ್ಲಿ ಶಾತಕರ್ಣಿರಾಜನು ಮಹಾಚೈತ್ಯಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುವನೆಂದು ಬರೆದಿದೆ. ಇನ್ನೊಂದರಲ್ಲಿ ಪುಳುಮಾವಿಯು ಉಜ್ಜಯಿನಿಯನ್ನು ಕೊಡುವನೆಂದಿದೆ. ಮೂರನೆಯದರಲ್ಲಿ ರಾಜನು ರಾಣಿಯೊಡನೆ ನಿಂತಿರುವನು. ಪರಿಚಾರಿಕೆಯರು ಛತ್ರಚಾಮರಗಳನ್ನು ಹಿಡಿದಿರುವರು. ಲೇಖದಲ್ಲಿ ಮಾತ್ರ ‘ರಾಯಾ ಅಸೋಕೋ’ ಎಂಬೆರಡೇ ಪದಗಳು.

ಮೊದಲೆರಡು ಲೇಖಗಳಲ್ಲಿ ಕ್ರಿಯಾಪದವು ವರ್ತಮಾನಕಾಲದಲ್ಲಿರುವುದನ್ನು ವೈಯಾಕರಣರು ಗಮನಿಸತಕ್ಕದ್ದು. ‘ಕೊಟ್ಟನು’ ಎಂದಲ್ಲ, ‘ಕೊಡುತ್ತಾನೆ’ ಎಂದೇ ಪ್ರಯೋಗ. ಇದು ಇಲ್ಲಿಯ ಶಿಲ್ಪಿಯ ನೂತನ ಕಲ್ಪನೆಯೆಂದು ಹೊಗಳುವುದು ಸರಿಯಲ್ಲ. ಭಾರಹುತದ ಪಟಗಳಲ್ಲಿಯೂ ಅನಾಥಪಿಂಡಿಕನು ಜೇತವನವನ್ನು ಕೊಡುತ್ತಲೇ ಇರುವನು, ಅಜಾತಶತ್ರುವು ಭಗವಂತನನ್ನು ವಂದಿಸುತ್ತಲೇ ಇರುವನು. ಆದ್ದರಿಂದ ಇದು ಬೌದ್ಧಶಿಲ್ಪದ ಪರಂಪರಾಗತವಾದ ಮಾರ್ಗ. ಆದರೆ ರೂಢಿಯೆಂದ ಮಾತ್ರಕ್ಕೆ ಅದರ ಅರ್ಥವು ಕುಂದುವುದಿಲ್ಲ. ತಾಮ್ರಪಟದಲ್ಲಿ ದಾನವು ದತ್ತವಾಗಿ ಮುಗಿದ ಸಂಗತಿ. ಅದಕ್ಕೆ ಸಾಕ್ಷಿಗಳೂ ಶಾಪವಾಕ್ಯಗಳೂ ಬೇಕು. ಚಿತ್ರಪಟದಲ್ಲಾದರೋ ದಾನವು ಮುಗಿಯುವುದೇ ಇಲ್ಲ. ಪ್ರದಕ್ಷಿಣೆ ಬರುವ ಪ್ರತಿಯೊಬ್ಬ ಉಪಾಸಕನ ಕಣ್ಣೆದುರಿಗೂ ಅದು ಆಗಲೇ ನಡೆಯುತ್ತಿರುವುದು. ನೋಡುವವನೇ ಅಲ್ಲಿ ಸಾಕ್ಷಿ.

ಹಾಗಾದರೆ ಅಶೋಕನ ಪಟದಲ್ಲಿ ಕ್ರಿಯೆಯೇಕಿಲ್ಲ? ಸ್ಥಳಾಭಾವವೆಂದು ಕೆಲವರು ಆಕ್ಷೇಪಿಸಬಹುದು. ಇರಬಹುದು, ಆದರೆ ಕಾರಣವು ಬೇರೆ, ಫಲವು ಬೇರೆ. ಶಾತವಾಹನರ ಕಾಲದ ಈ ಶಿಲ್ಪಿಗೆ ಅಶೋಕನು ಶತಮಾನಗಳ ಹಿಂದಿನವನು. ಅಂಥವನಿಗೆ ನಾಮವೊಂದೇ ಸಾಕಾಯಿತು. ಉಳಿದುದನ್ನು ನೋಡುವವನು ಬಲ್ಲನೆಂಬ ವಿಶ್ವಾಸವು ಆ ಎರಡು ಪದಗಳಲ್ಲಿ ಧ್ವನಿತವಾಗುತ್ತದೆ. ಪ್ರಸಿದ್ಧಿಯೇ ಇಲ್ಲಿ ಕ್ರಿಯಾಪದದ ಸ್ಥಾನವನ್ನು ತುಂಬಿದೆ.

ಈ ಸ್ಮೃತಿಯ ಬೆಲೆಯನ್ನು ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದ ನಮ್ಮಂಥವರು ವಿಶೇಷವಾಗಿ ಆಲೋಚಿಸಬೇಕು. ಅಶೋಕನ ಶಾಸನಗಳು ಬಹುಮಟ್ಟಿಗೆ ಆತನನ್ನು ‘ದೇವಾನಾಂಪ್ರಿಯ’ನೆಂದು ಕರೆಯುವುವು, 1915ರಲ್ಲಿ ದೊರೆತ ಮಸ್ಕಿಯ ಶಾಸನದಲ್ಲಿ ಬಿರುದಿನೊಡನೆ ಹೆಸರೂ ಕೂಡಿಬಂದಿತು. ಆ ಪೂಜ್ಯಪದಕ್ಕೆ ವ್ಯಾಕರಣಪರಂಪರೆಯಲ್ಲಿ ಆದ ಗತಿಯೇನು? ಕಾತ್ಯಾಯನರ ವಾರ್ತಿಕದಲ್ಲಿ ಅದು ವಿಭಕ್ತಿ ಲೋಪವಾಗದ ಸಮಾಸಕ್ಕೆ ಉದಾಹರಣೆ ಮಾತ್ರ. ಭಟ್ಟೋಜಿದೀಕ್ಷಿತರ ಸಿದ್ಧಾಂತಕೌಮುದಿಗೆ ಬರುವಷ್ಟರಲ್ಲಿ ಅದಕ್ಕೆ ಮೂರ್ಖನೆಂಬ ಅರ್ಥವೇ ನಿಯತವಾಯಿತು. ಪಾಠಶಾಲೆಯ ಬಾಲಕನು ಕಂಠಪಾಠ ಮಾಡಿದ್ದು ಈ ಅರ್ಥವನ್ನೇ. ಗ್ರಂಥವು ಮರೆತ ಗೌರವವನ್ನು ಭೀಮಾತೀರದ ಕಲ್ಲು ಉಳಿಸಿಕೊಂಡಿತ್ತು. ಶಬ್ದಾರ್ಥಗಳನ್ನು ಕೋಶವ್ಯಾಕರಣಗಳಿಂದಲೇ ನಿರ್ಣಯಿಸಿ ಶಿಲಾಲೇಖಗಳನ್ನು ಚರಿತ್ರಕಾರರಿಗೆ ಬಿಟ್ಟುಬಿಡುವ ನಮ್ಮ ಪದ್ಧತಿಯು ಎಷ್ಟು ಅಪೂರ್ಣವೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇನ್ನು ಪೀಠವಾಗಿದ್ದ ಫಲಕದ ವಿಷಯ. ಅದರ ಎರಡು ಮುಖಗಳಲ್ಲಿಯೂ ಬರಹವಿದೆ. ಒಂದರಲ್ಲಿ 12 ಮತ್ತು 14ನೆಯ ಧರ್ಮಲಿಪಿಗಳ ಭಾಗಗಳು. ಇನ್ನೊಂದರಲ್ಲಿ, ಅದುವರೆಗೆ ಕಳಿಂಗದ ಧೌಲಿ ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳು. ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ನಡುವೆ ಕೊರೆದ ಕುಳಿಯಿಂದ ಅನೇಕಾಕ್ಷರಗಳು ನಷ್ಟವಾಗಿವೆ. ಇದನ್ನು ಕಂಡು ಮತದ್ವೇಷವೆಂದು ಖಂಡಿಸುವವರೂ, ಮತಸಮನ್ವಯವೆಂದು ಕೊಂಡಾಡುವವರೂ ಉಂಟು. ಎರಡೂ ಆತುರದ ಮಾತು. ಲಿಪಿಯನ್ನು ಓದಬಲ್ಲವರು ಇಲ್ಲದ ಕಾಲದಲ್ಲಿ ಅದು ನುಣುಪಾದ ಒಳ್ಳೆಯ ಕಲ್ಲು, ಅಷ್ಟೆ. ಓದದೆ ಇದ್ದುದನ್ನು ದ್ವೇಷಿಸುವುದೂ ಆಗದು, ಆದರಿಸುವುದೂ ಆಗದು. 12ನೆಯ ಲಿಪಿಯ ತಾತ್ಪರ್ಯವೋ, ಸ್ವಮತದ ಪ್ರಶಂಸೆಯಲ್ಲಿಯೂ ಪರಮತದ ನಿಂದೆಯಲ್ಲಿಯೂ ಮಾತಿಗೆ ಸಂಯಮವಿರಬೇಕೆಂಬುದು. ಅದೇ ಕಲ್ಲನ್ನು ಹಿಡಿದು ಮತವಾದಕ್ಕೆ ನಿಲ್ಲುವುದು ವಿಮರ್ಶಕನಿಗೆ ತರವಲ್ಲ.

ನಮ್ಮ ಸಾಹಿತ್ಯಚರಿತ್ರೆಯನ್ನು ಹಲ್ಮಿಡಿಯ ಶಾಸನದಿಂದ ಪ್ರಾರಂಭಿಸುವುದು ಭಾಷಾದೃಷ್ಟಿಯಿಂದ ಯುಕ್ತವೇ ಸರಿ. ಆದರೆ ಕನ್ನಡವು ಬರಹಕ್ಕೆ ಬರುವ ಮುನ್ನ ಈ ನೆಲದಲ್ಲಿ ಚಿತ್ರದೊಡನೆ ವಾಕ್ಯವನ್ನು ಹೊಂದಿಸುವ ಕಲೆಯು ಪಕ್ವವಾಗಿದ್ದಿತು. ಉಪಾಧ್ಯಾಯರು ವಿದ್ಯಾರ್ಥಿಗಳನ್ನು ಸನ್ನತಿ ಕನಗನಹಳ್ಳಿಗಳಿಗೆ ಕರೆದೊಯ್ದಾಗ ಕಾಲನಿರ್ಣಯವೊಂದನ್ನೇ ಹೇಳಿ ಹಿಂದಿರುಗದೆ, ಈ ಲೇಖಗಳನ್ನು ಪದಚ್ಛೇದಮಾಡಿ ಓದಿಸಲಿ. ಎಲ್ಲಿ ಕ್ರಿಯೆಯಿದೆ, ಎಲ್ಲಿ ನಾಮವೇ ಸಾಕಾಗಿದೆಯೆಂದು ಕೇಳಲಿ. ಕಾವ್ಯವಿಚಾರದ ಮೊದಲ ಪಾಠಕ್ಕೆ ಅಷ್ಟು ಸಾಮಗ್ರಿಯು ಪರ್ಯಾಪ್ತವಾಗಿರುವುದು.