ಎಲಿಯಟ್‌ನ ಕಿರುಹೊತ್ತಗೆಯೂ ಸೇಲಂ ಸೀಮೆಯ ಮನಸ್ಸಾಕ್ಷಿಯೂ

ಟಿ. ಎಸ್. ಎಲಿಯಟ್‌ನನ್ನು ನಮ್ಮ ನವ್ಯ ವಿಮರ್ಶೆ ಬಹುವಾಗಿ ಓದಿದೆ. ಆದರೆ ದಕ್ಷಿಣ ಭಾರತವನ್ನೇ ಕುರಿತು ಅವನು 1943ರಲ್ಲಿ ಪ್ರಕಟಿಸಿದ ‘ರಿಯೂನಿಯನ್ ಬೈ ಡಿಸ್ಟ್ರಕ್ಷನ್’ ಎಂಬ ಕಿರುಹೊತ್ತಗೆಯತ್ತ ಅದರ ಗಮನ ಅಷ್ಟಾಗಿ ಹೊರಳಲಿಲ್ಲ. ಇಲ್ಲಿನ ಆಂಗ್ಲಿಕನ್, ಮೆಥಡಿಸ್ಟ್ ಹಾಗೂ ಸಂಯುಕ್ತ ಸಭೆಗಳನ್ನು ಒಂದುಗೂಡಿಸುವ ಯೋಜನೆಯನ್ನು ವಿರೋಧಿಸಿ, ಪಾದ್ರಿಗಳಲ್ಲದ ಸಭಾಜನರನ್ನು ಉದ್ದೇಶಿಸಿ ಬರೆದ ಬರಹವದು.

ಯೋಜನೆ ಬಿಷಪ್ ಪದವಿಯನ್ನು ಸ್ವೀಕರಿಸಿತ್ತು. ಆ ಪದವಿಯ ಕುರಿತ ಯಾವುದೇ ಒಂದು ವ್ಯಾಖ್ಯಾನವನ್ನು ಮಾತ್ರ ಕಡ್ಡಾಯ ಮಾಡಿರಲಿಲ್ಲ. ಬಿಷಪ್ಪರು ಅಪೊಸ್ತಲರ ಪರಂಪರೆಯ ವಾರಸುದಾರರೆಂದು ನಂಬುವವನೂ, ಅವರು ಆಡಳಿತದ ಅನುಕೂಲವಷ್ಟೇ ಎಂದು ಬಗೆಯುವವನೂ ಒಂದೇ ವಾಕ್ಯಕ್ಕೆ ರುಜು ಹಾಕಬಹುದಿತ್ತು. ಎಲಿಯಟ್‌ನಿಗೆ ಸಹಿಸಲಾಗದ್ದು ಇದೇ. ಕವಿಗೆ ಪದದ ಸಡಿಲಿಕೆ ನಂಬಿಕೆಯ ಸಡಿಲಿಕೆಯಾಗಿ ಕಂಡುದರಲ್ಲಿ ಅಚ್ಚರಿಯಿಲ್ಲ. ಈ ಓದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಆದರೆ ಹೊತ್ತಗೆಯನ್ನು ಮೊರಪ್ಪೂರಿನ ಕಡೆಯಿಂದ ಓದಿದರೆ ಅದರ ಕುರುಡು ತಾಣ ಗೋಚರಿಸುತ್ತದೆ. ಧರ್ಮಪುರಿಯೂ ಸೇರಿದ್ದ ಅಂದಿನ ಸೇಲಂ ಜಿಲ್ಲೆಗೆ 1827ರಲ್ಲಿ ಬಂದದ್ದು ಲಂಡನ್ ಮಿಷನ್. ಪ್ರಧಾನವಾಗಿ ಕಾಂಗ್ರಿಗೇಷನಲ್ ಪಂಥದ ಆ ಪರಂಪರೆಯಲ್ಲಿ ಬಿಷಪ್ಪರೇ ಇಲ್ಲ. ಇದ್ದ ಬಿಷಪ್ಪರನ್ನು ಎಷ್ಟು ಮೀರಬಹುದು ಎಂಬುದು ಇಲ್ಲಿಯ ಸಭೆಗಳ ಪ್ರಶ್ನೆಯಾಗಿರಲಿಲ್ಲ. ಇಲ್ಲದ ಬಿಷಪ್ಪರನ್ನು ಏಕೆ ಒಪ್ಪಬೇಕು ಎಂಬುದಾಗಿತ್ತು. ಎಲಿಯಟ್ ಸಂಬೋಧಿಸಿದ ಸಭಾಜನರಲ್ಲಿ ಇವರು ಸೇರಿರಲಿಲ್ಲ. ಯೋಜನೆಯ ‘ಪ್ರತಿಜ್ಞೆ’ಯಾದರೋ ಇವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು: ಯಾವುದೇ ಸಭೆಯ ಮೇಲೆ ಅದರ ಮನಸ್ಸಾಕ್ಷಿ ಒಪ್ಪದ ಆರಾಧನಾ ಕ್ರಮವನ್ನಾಗಲಿ ಪಾದ್ರಿಯನ್ನಾಗಲಿ ಹೇರಬಾರದು. ಕನ್ನಡ ಬೈಬಲಿನ ‘ಮನಸ್ಸಾಕ್ಷಿ’, ತಮಿಳಿನ ‘ಮನಚ್ಚಾಟ್ಚಿ’ ಎರಡರಲ್ಲೂ ಸಾಕ್ಷಿಯಿದೆ. ಸಾಕ್ಷಿ ನುಡಿಯುವುದು ಮತ್ತೊಬ್ಬರ ಎದುರಿನಲ್ಲಿ. ಎಲಿಯಟ್ ಮರೆಮಾಚುವಿಕೆಯೆಂದು ಕಂಡುದನ್ನು, ಭಿನ್ನ ಸಾಕ್ಷ್ಯಗಳನ್ನು ಒಂದೇ ಸೂರಿನಡಿ ಆಲಿಸುವ ಏರ್ಪಾಡೆಂದೂ ಓದಬಹುದು.

ಪ್ರತಿಜ್ಞೆ ಎಲ್ಲರನ್ನೂ ಒಲಿಸಲಿಲ್ಲವೆಂಬುದೂ ನಿಜ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹೊಸ ಸಭೆ ಉದ್ಘಾಟನೆಯಾದಾಗ ನಂದ್ಯಾಲದ ಅನೇಕ ಆಂಗ್ಲಿಕನ್ನರು ಹೊರಗುಳಿದರು. ಅವರನ್ನು ಬರಿಯ ಹಟಮಾರಿಗಳೆನ್ನುವುದು ನ್ಯಾಯವಲ್ಲ. 1955ರಲ್ಲಿ ಇಂಗ್ಲೆಂಡಿನ ಕಾನ್ವೊಕೇಷನ್ನುಗಳು ಈ ಸಭೆಯ ಗುರುದೀಕ್ಷೆಯನ್ನು ಮಾನ್ಯ ಮಾಡಿದಾಗ, ಪಾದ್ರಿಯೂ ನಾಟಕಕಾರನೂ ಆಗಿದ್ದ ಹ್ಯೂ ರಾಸ್ ವಿಲಿಯಮ್ಸನ್ ತನ್ನ ಬಿಷಪ್ಪರ ನಿಲುವನ್ನು ಒಪ್ಪಲಾರದೆ ರೋಮನ್ ಕಥೋಲಿಕನಾದನು. ಹೊತ್ತಗೆಯ ತರ್ಕವನ್ನು ಅದರ ಕೊನೆಯವರೆಗೆ ನಡೆಸಿದವನು ಅವನೇ. ಅದನ್ನು ಬರೆದ ಎಲಿಯಟ್ ಆಂಗ್ಲಿಕನನಾಗಿಯೇ ಉಳಿದನು.