ನೋಡದಿರಲು ಬಳಸಿದ ಅಧಿಕಾರ: ಗಣಿ ವರದಿಯ ಮರುಓದು

2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ಕುರಿತ ತಮ್ಮ ಎರಡನೆಯ ವರದಿಯನ್ನು ಒಪ್ಪಿಸಿದರು. ನಾಲ್ಕೇ ದಿನಕ್ಕೆ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಅಂದಿನಿಂದ ಆ ವರದಿ ನಾಡಿನ ನೆನಪಿನಲ್ಲಿ ಒಂದು ಕುರ್ಚಿ ಉರುಳಿಸಿದ ಕಾಗದವಾಗಿ ಉಳಿದಿದೆ. ಅದರೊಳಗೆ ಏನು ಬರೆದಿತ್ತು, ಹೇಗೆ ಬರೆದಿತ್ತು ಎಂದು ಕೇಳುವವರು ಕಡಿಮೆ. ಅನುಬಂಧಗಳೂ ಸೇರಿ 25 ಸಾವಿರ ಪುಟ ಮೀರುವ ಈ ದಾಖಲೆ ಕರ್ನಾಟಕದ ಆಳ್ವಿಕೆಯ ಬಗ್ಗೆ ಈ ಶತಮಾನದಲ್ಲಿ ಬಂದ ಅತಿ ಮುಖ್ಯ ಬರಹ ಎಂದು ನಾನು ನಂಬುತ್ತೇನೆ. ಆದ್ದರಿಂದಲೇ ಅದನ್ನು ಹೊಗಳಿ ಕಪಾಟಿನಲ್ಲಿಡುವುದು ಸಾಲದು.

ವರದಿಯ ಶಕ್ತಿ ಇರುವುದು ಅದರ ದಾರಿಯಲ್ಲಿ. ಅರಣ್ಯ ಅಧಿಕಾರಿ ಯು.ವಿ. ಸಿಂಗ್ ನೇತೃತ್ವದ ತಂಡ ಆರೋಪಗಳ ಬೆನ್ನು ಹತ್ತದೆ ಅದಿರಿನ ಬೆನ್ನು ಹತ್ತಿತು. ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡದಲ್ಲಿ ಅಗೆದ ಒಂದು ಟನ್ ಅದಿರು ಹಡಗು ಸೇರುವ ಮುನ್ನ ಗಣಿ ಇಲಾಖೆಯ ಪರ್ಮಿಟ್, ಅರಣ್ಯ ಇಲಾಖೆಯ ಪಾಸು, ತೂಕದ ಚೀಟಿ, ಚೆಕ್‌ಪೋಸ್ಟ್‌ಗಳು, ಬಂದರಿನ ಸ್ಟಾಕ್‌ಯಾರ್ಡ್ ಎಲ್ಲವನ್ನೂ ದಾಟಬೇಕು. ಇಷ್ಟು ಕಾಗದ ಹುಟ್ಟಿಸುವ ಸರಕನ್ನು ಬಚ್ಚಿಡಲಾಗದು. ಪರ್ಮಿಟ್ಟಿನ ಲೆಕ್ಕವನ್ನೂ ರಫ್ತಿನ ಲೆಕ್ಕವನ್ನೂ ಎದುರುಬದುರು ಇಟ್ಟಾಗ ವ್ಯತ್ಯಾಸ ತಾನಾಗಿಯೇ ಎದ್ದು ಬಂತು: 2006ರಿಂದ 2010ರವರೆಗೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ಹೊರಹೋಗಿದೆ. ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ.

ಅಂಕಿಗಳಿಗಿಂತ ನನ್ನನ್ನು ಹೆಚ್ಚು ಕಲಕುವುದು ವರದಿ ಬಯಲಿಗೆಳೆದ ‘ಜೀರೋ ರಿಸ್ಕ್’ ಎಂಬ ಏರ್ಪಾಡು. ಗಣಿಗಾರ ತನ್ನ ಆದಾಯದ ಪಾಲೊಂದನ್ನು ಬಿಟ್ಟುಕೊಟ್ಟರೆ ಆಯಿತು, ಅವನ ಲಾರಿಯನ್ನು ದಾರಿಯಲ್ಲಿ ಯಾರೂ ತಡೆಯುವುದಿಲ್ಲ. ಪರ್ಮಿಟ್ ಇಲ್ಲದಿದ್ದರೂ ಸರಿ, ಓವರ್‌ಲೋಡ್ ಆಗಿದ್ದರೂ ಸರಿ. ಅಪಾಯವೆಂಬುದು ಸೊನ್ನೆ. ಆ ಹೊತ್ತಿಗೆ ಬಳ್ಳಾರಿಯ ಗಣಿ ಧಣಿಗಳು ಮಂತ್ರಿಗಳೇ ಆಗಿದ್ದರು. ಜಿ. ಜನಾರ್ದನ ರೆಡ್ಡಿ ಪ್ರವಾಸೋದ್ಯಮ ಸಚಿವರು, ಅಣ್ಣ ಕರುಣಾಕರ ರೆಡ್ಡಿ ಕಂದಾಯ ಸಚಿವರು, ಆಪ್ತರಾದ ಬಿ. ಶ್ರೀರಾಮುಲು ಆರೋಗ್ಯ ಸಚಿವರು. ರಾಜಕಾರಣಿ ಉದ್ಯಮಿಗೆ ನೆರವಾಗುವುದು ಹಳೆಯ ಕಥೆ. ಇಲ್ಲಿ ನೆರವು ಕೊಡುವವನೂ ಪಡೆಯುವವನೂ ಒಂದೇ ಸಂಪುಟದಲ್ಲಿ ಕೂತಿದ್ದರು.

ವರದಿಯನ್ನು ಓದುತ್ತ ಹೋದಂತೆ ಒಂದು ವಿಚಾರ ಗಟ್ಟಿಯಾಗುತ್ತದೆ. ಭ್ರಷ್ಟಾಚಾರ ಎಂದಾಗ ನಮಗೆ ತೋಚುವುದು ಕೊಡುಗೆ: ಟೆಂಡರ್, ನಿವೇಶನ, ಗುತ್ತಿಗೆ. ಬಳ್ಳಾರಿಯಲ್ಲಿ ಸರ್ಕಾರ ಉದ್ಯಮಿಗೆ ಕೊಟ್ಟ ಅತಿ ದೊಡ್ಡ ಕೊಡುಗೆ ಅದು ನೋಡದೆ ಇದ್ದದ್ದು. ತಪಾಸಣೆ ಮಾಡಬೇಕಾದ ಇಲಾಖೆ ತಪಾಸಣೆ ಮಾಡಲಿಲ್ಲ, ಅಷ್ಟೆ. ಈ ಲಾಭಕ್ಕೆ ಸಹಿ ಬೇಡ, ಆದೇಶ ಬೇಡ. ಇದನ್ನು ನಡೆಸಲು ಬೇಕಾದ ಒಂದೇ ಸಾಧನ ವರ್ಗಾವಣೆ. ಹೇಳಿದಂತೆ ಕೇಳುವವನನ್ನು ಆಯಕಟ್ಟಿನ ಜಾಗಕ್ಕೆ ತರುವುದು, ಕೇಳದವನನ್ನು ಎತ್ತಂಗಡಿ ಮಾಡುವುದು.

ಬೇಲೆಕೇರಿಯಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. 2010ರಲ್ಲಿ ಅಂಕೋಲಾ ಬಳಿಯ ಆ ಬಂದರಿನಲ್ಲಿ ಸುಮಾರು 8 ಲಕ್ಷ ಟನ್ ಅದಿರನ್ನು ಜಪ್ತಿ ಮಾಡಲಾಯಿತು. ಜಪ್ತಿಯಾದ ರಾಶಿಯಿಂದಲೇ ಲಕ್ಷಗಟ್ಟಲೆ ಟನ್ ಹಡಗು ಹತ್ತಿ ಹೋಯಿತು. ಕಾಣೆಯಾದ ಅದಿರಿನ ಬಗ್ಗೆ ಕ್ರಮಕ್ಕೆ ಮುಂದಾಗಿದ್ದ ಅರಣ್ಯ ಅಧಿಕಾರಿ ಆರ್. ಗೋಕುಲ್ ಅವರನ್ನೇ ಅಮಾನತುಗೊಳಿಸಲು ಸರ್ಕಾರ ಹೊರಟಿತು. ಅದೇ ವರ್ಷದ ಜೂನ್‌ನಲ್ಲಿ ಹೆಗ್ಡೆಯವರು ನೊಂದು ರಾಜೀನಾಮೆ ಕೊಟ್ಟರು, ಆಳುವ ಬಿಜೆಪಿಯ ಹಿರಿಯ ನಾಯಕ ಎಲ್.ಕೆ. ಅಡ್ವಾಣಿಯವರ ಮನವೊಲಿಕೆಯ ನಂತರ ಹಿಂಪಡೆದರು. ನೋಡಿದವನಿಗೆ ಶಿಕ್ಷೆ, ನೋಡದವನಿಗೆ ನೆಮ್ಮದಿ ಎಂಬ ಸಂದೇಶ ಎಲ್ಲ ಚೆಕ್‌ಪೋಸ್ಟ್‌ಗಳಿಗೂ ತಲುಪಿರಲೇಬೇಕು.

ವರದಿ ನನ್ನನ್ನು ನಿರಾಸೆಗೊಳಿಸುವುದೂ ಇಲ್ಲಿಯೇ. ತಾನೇ ಕಂಡುಹಿಡಿದ ಈ ಸತ್ಯದ ಮೇಲೆ ಅದು ತನ್ನ ಪೂರ್ಣ ಭಾರ ಹಾಕುವುದಿಲ್ಲ. ಪತ್ರಿಕೆಗಳು ಎತ್ತಿ ಹಿಡಿದದ್ದು, ರಾಜೀನಾಮೆಗೆ ಕಾರಣವಾದದ್ದು, ಮುಖ್ಯಮಂತ್ರಿ ಕುಟುಂಬದ ಪ್ರೇರಣಾ ಟ್ರಸ್ಟಿಗೆ ಗಣಿ ಕಂಪನಿಯೊಂದು ಕೊಟ್ಟ 10 ಕೋಟಿ ರೂಪಾಯಿ ದೇಣಿಗೆ ಮತ್ತು ಅದೇ ಕುಟುಂಬದ ರಾಚೇನಹಳ್ಳಿಯ ಜಮೀನನ್ನು ಕಂಪನಿ 20 ಕೋಟಿಗೆ ಕೊಂಡ ಭಾಗ. 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಆ ಪ್ರಕರಣದ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಿತು. ತೀರ್ಪನ್ನು ಗೌರವಿಸಲೇಬೇಕು. ಆದರೆ ಅದರಿಂದ ಕಲಿಯಬೇಕಾದದ್ದಿದೆ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ನಂಟು ಸಾಬೀತಾಗಬೇಕೆಂದು ನ್ಯಾಯಾಲಯ ಕೇಳುತ್ತದೆ. ಅಧಿಕಾರಸ್ಥರು ಕಣ್ಣು ಮುಚ್ಚಿಕೊಂಡು ಮಾಡುವ ಉಪಕಾರಕ್ಕೆ ಚೆಕ್ಕೂ ಇಲ್ಲ, ರಸೀದಿಯೂ ಇಲ್ಲ. ಚೆಕ್ಕಿನ ಸುತ್ತ ಕಟ್ಟಿದ ಪ್ರಕರಣ ಬಿದ್ದುಹೋದರೆ ಇಡೀ ವರದಿಯೇ ಸುಳ್ಳೆಂದು ಸಾರಲು ಜನ ಕಾದಿರುತ್ತಾರೆ. ಹಾಗೇ ಆಯಿತು.

ಇನ್ನೊಂದು ಕೊರತೆ ನಷ್ಟವನ್ನು ಅಳೆಯುವ ರೀತಿಯದು. 16,085 ಕೋಟಿ ಎಂಬುದು ಅಕ್ರಮದ ಲೆಕ್ಕ. ಕಾನೂನಿನ ಒಳಗೇ ನಡೆದ ಉಪಕಾರ ಅದರಲ್ಲಿ ಸೇರುವುದಿಲ್ಲ. 2003ರ ಮಾರ್ಚ್‌ನಲ್ಲಿ ಸರ್ಕಾರಿ ಗಣಿಗಾರಿಕೆಗೆಂದು ಕಾಯ್ದಿರಿಸಿದ್ದ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿಯವರಿಗೆ ತೆರೆಯಲಾಯಿತು. ಅಂದು ಇದ್ದದ್ದು ಬೇರೆ ಪಕ್ಷದ ಸರ್ಕಾರ. ಕೇಂದ್ರ ಸರ್ಕಾರ ನಿಗದಿ ಮಾಡುವ ರಾಜಧನ 2009ರ ಆಗಸ್ಟ್‌ವರೆಗೆ ಟನ್ನಿಗೆ 27 ರೂಪಾಯಿ ಮೀರಿರಲಿಲ್ಲ, ಅದೇ ಟನ್ ಸಾವಿರಾರು ರೂಪಾಯಿಗೆ ಚೀನಾದ ಹಡಗು ಹತ್ತುತ್ತಿತ್ತು. ಸಂಡೂರಿನ ಹೊಲಗಳಲ್ಲಿ ಮೆಣಸಿನಕಾಯಿ, ಜೋಳದ ಮೇಲೆ ಕೂತ ಕೆಂಧೂಳಿಗೂ, ಬತ್ತಿದ ಹಳ್ಳಗಳಿಗೂ, ಅದಿರು ಆರಿಸಿದ ಮಕ್ಕಳ ಶಾಲೆ ತಪ್ಪಿದ ವರ್ಷಗಳಿಗೂ ಈ ಮೊತ್ತದಲ್ಲಿ ಜಾಗವಿಲ್ಲ.

ಗಣಿಗಾರಿಕೆಗೆ ನಿಜವಾದ ತಡೆ ಹಾಕಿದ್ದು ಸುಪ್ರೀಂ ಕೋರ್ಟು, ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೂಡಿದ ಅರ್ಜಿಯ ಮೇಲೆ. 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತಿತು. 2013ರಲ್ಲಿ ಅತಿ ಗಂಭೀರ ಉಲ್ಲಂಘನೆಯ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಬೇಲೆಕೇರಿ ಪ್ರಕರಣಗಳಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್‌ಗೆ ಶಿಕ್ಷೆಯಾಗಲು 2024 ಬರಬೇಕಾಯಿತು. ಆ ಶಿಕ್ಷೆಗೂ ಹೈಕೋರ್ಟ್ ತಡೆ ನೀಡಿತು. ಗಣಿ ಲೂಟಿಯ ವಿರುದ್ಧ 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಮಾಡಿದ ಕಾಂಗ್ರೆಸ್, ಅಧಿಕಾರಕ್ಕೆ ಬಂದ ಮೇಲೆ 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ರಚಿಸಿ ಲೋಕಾಯುಕ್ತದ ತನಿಖಾ ಬಲವನ್ನೇ ಕಿತ್ತುಕೊಂಡಿತು. ನಂತರ ಬಂದ ಬಿಜೆಪಿ ಸರ್ಕಾರವೂ ಅದನ್ನು ಹಾಗೇ ಉಳಿಸಿಕೊಂಡಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡುವವರೆಗೂ ಈ ಸ್ಥಿತಿ ಮುಂದುವರಿಯಿತು. ನೋಡುವ ಕಣ್ಣನ್ನು ಮುಚ್ಚುವ ವಿಷಯದಲ್ಲಿ ಪಕ್ಷಗಳ ನಡುವೆ ಜಗಳ ಇರಲಿಲ್ಲ.

ವರದಿ ನೂರಾರು ಅಧಿಕಾರಿಗಳ ಹೆಸರು ಹೇಳುತ್ತದೆ. ನನಗೆ ಬೇಕಿರುವುದು ಅವರನ್ನು ಅಲ್ಲಿಗೆ ತಂದವರ ಹೆಸರು. ಆ ವರ್ಷಗಳಲ್ಲಿ ಬಳ್ಳಾರಿ, ಚಿತ್ರದುರ್ಗ, ಉತ್ತರ ಕನ್ನಡದ ಗಣಿ, ಅರಣ್ಯ, ಪೊಲೀಸ್, ಸಾರಿಗೆ ಇಲಾಖೆಗಳಲ್ಲಿ ಯಾರು ಯಾವ ದಿನ ಬಂದರು, ಯಾರು ಅವಧಿಗೆ ಮುನ್ನ ಹೋದರು, ಯಾವ ಶಾಸಕ, ಯಾವ ಮಂತ್ರಿಯ ಶಿಫಾರಸು ಪತ್ರದ ಮೇಲೆ? ವರ್ಗಾವಣೆಯೆಲ್ಲ ಸರ್ಕಾರಿ ಆದೇಶದ ಮೂಲಕವೇ ಆಗುವಂಥದ್ದು. ಆ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಪ್ರಕಟಿಸಲು ಹೊಸ ಆಯೋಗ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ.